ಆಕಾಶದಿಂದ ನೆಲದ ಮೋಜಣಿ

ಹೊಲದ ಬದುವಿನ ಮೇಲೆ ನಿಂತವನಿಗೆ ತನ್ನ ಹೊಲ ಕಾಣುತ್ತದೆ; ಗುಡ್ಡ ಹತ್ತಿದವನಿಗೆ ಊರು ಕಾಣುತ್ತದೆ; ಎಂಟುನೂರು ಕಿಲೋಮೀಟರು ಮೇಲೆ ಸುತ್ತುವ ಉಪಗ್ರಹಕ್ಕೆ ಜಿಲ್ಲೆಗೆ ಜಿಲ್ಲೆಯೇ ಹಾಸಿದ ಕಂಬಳಿಯಂತೆ ಕಾಣುತ್ತದೆ. ಕಂಬಳಿಯಲ್ಲಿ ನೂಲು ಎಲ್ಲಿ ಸವೆದಿದೆ, ತೇಪೆ ಎಲ್ಲಿ ಬಿದ್ದಿದೆ ಎಂಬುದು ಹೊದ್ದವನಿಗಿಂತ ದೂರದಿಂದ ನೋಡುವವನಿಗೆ ಬೇಗ ತಿಳಿಯುತ್ತದಷ್ಟೆ. ಹಾಗೆಯೇ ನಾಡಿನ ಕಾಡು, ಕೆರೆ, ಬೆಳೆ, ಕಲ್ಲು, ಮಣ್ಣುಗಳ ಸ್ಥಿತಿಯನ್ನು ಮೇಲಿನಿಂದ ನೋಡಿ ಲೆಕ್ಕವಿಡುವ ವಿದ್ಯೆಯೊಂದು ಕಳೆದ ಐವತ್ತು ವರ್ಷಗಳಲ್ಲಿ ಬೆಳೆದು ನಿಂತಿದೆ. ಇದಕ್ಕೆ ದೂರಸಂವೇದನೆ ಎಂದು ಹೆಸರು. ಮುಟ್ಟದೆ, ಹತ್ತಿರ ಹೋಗದೆ, ದೂರದಿಂದಲೇ ಒಂದು ವಸ್ತುವಿನ ಗುಣವನ್ನು ಅರಿಯುವುದು ಎಂಬುದು ಈ ಮಾತಿನ ಅರ್ಥ.

ಇದರಿಂದ ನಮಗೇನು ಎಂದು ಯಾರಾದರೂ ಕೇಳಬಹುದು. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಬಹುಮಂದಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಯವರು. ಕೆಲವರು ಕಟ್ಟಡದ ಕೆಲಸದಲ್ಲಿ, ಕೆಲವರು ಕಾರಖಾನೆಯಲ್ಲಿ, ಕೆಲವರು ಕಚೇರಿಯ ಗುಮಾಸ್ತಿಕೆಯಲ್ಲಿ ಇರುವವರು. ಈ ಹೈದರಾಬಾದಿನಲ್ಲಿ ದುಡಿದು ಉಳಿಸಿದ ಹಣದಲ್ಲಿ ಒಂದು ಪಾಲು ಊರಿನ ಹೊಲದಲ್ಲಿ ಕೊಳವೆ ಬಾವಿ ಕೊರೆಸುವುದಕ್ಕೆ ಹೋಗುತ್ತದೆ. ನೀರು ಬಿದ್ದರೆ ಮನೆಯವರು ಊರಲ್ಲೇ ಉಳಿಯುತ್ತಾರೆ. ಬರೀ ಧೂಳು ಎದ್ದರೆ ಇನ್ನೊಬ್ಬ ತಮ್ಮನೂ ಗಂಟು ಕಟ್ಟಿಕೊಂಡು ಈ ಪಟ್ಟಣಕ್ಕೆ ಬರಬೇಕಾಗುತ್ತದೆ. ಆದುದರಿಂದ ನೆಲದಲ್ಲಿ ಏನಿದೆ, ಎಲ್ಲಿದೆ ಎಂದು ಹೇಳುವ ವಿದ್ಯೆಯು ನಮ್ಮ ಸಂಸಾರಕ್ಕೆ ನೇರವಾಗಿ ಸೇರಿದ ವಿಷಯ. ಮೇಲಾಗಿ, ಭಾರತದಲ್ಲಿ ಈ ಕೆಲಸದ ಮುಖ್ಯ ಕಚೇರಿಯು ಇದೇ ಊರಿನ ಬಾಲಾನಗರದಲ್ಲಿದೆ. ಅದರ ಮುಂದೆ ದಿನವೂ ಬಸ್ಸಿನಲ್ಲಿ ಹಾದುಹೋಗುವವರು ನಮ್ಮಲ್ಲಿದ್ದಾರೆ. ಒಳಗೆ ನಡೆಯುವುದೇನು ಎಂಬುದನ್ನು ತಿಳಿಯುವುದು ಒಳ್ಳೆಯದಲ್ಲವೆ?

ಅಳತೆಯ ಹಳೆಯ ದಾರಿ

ನೆಲವನ್ನು ಅಳೆದು ನಕ್ಷೆ ಬರೆಯುವ ಕೆಲಸ ಹೊಸದೇನಲ್ಲ. 1767ರಲ್ಲಿಯೇ ಭಾರತದ ಸರ್ವೇಕ್ಷಣ ಇಲಾಖೆ ಹುಟ್ಟಿತು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿಯು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಸರಪಣಿ ಹಿಡಿದು ಒಂದು ಗೆರೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ದೇಶವನ್ನೆಲ್ಲ ಅಳೆಯಲು ಹೊರಟನು. ಎರಡು ವರ್ಷಗಳ ತರುವಾಯ ಬೆಂಗಳೂರಿನ ಬಳಿಯೂ ಇಂಥ ಒಂದು ಗೆರೆಯನ್ನು ಅಳೆಯಲಾಯಿತು. ಆ ಮೋಜಣಿ ಮುಗಿಯಲು ತಲೆಮಾರುಗಳೇ ಹಿಡಿದವು. ಕಾಡುಜ್ವರದಿಂದ ಸತ್ತ ಕೂಲಿಗಳಿಗೆ ಲೆಕ್ಕವಿಲ್ಲ.

ಹೀಗೆ ಬರೆದ ನಕ್ಷೆ ಬೆಟ್ಟ, ಹೊಳೆ, ಊರುಗಳ ಸ್ಥಾನವನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಬೆಟ್ಟ ಇದ್ದಲ್ಲೇ ಇರುತ್ತದೆ, ಕಾಡು ಇರುವುದಿಲ್ಲ. ಕೆರೆಯ ನೀರು ವರ್ಷಕ್ಕೊಂದು ಬಗೆ, ಬೆಳೆ ಹಂಗಾಮಿಗೊಂದು ಬಗೆ. ಬದಲಾಗುವ ಸಂಪತ್ತಿಗೆ ಬದಲಾಗುತ್ತಲೇ ಇರುವ ಲೆಕ್ಕ ಬೇಕು. ಕಾಲ್ನಡಿಗೆಯ ಮೋಜಣಿಗೆ ಆ ವೇಗ ಬರಲಾರದು. ಇದಕ್ಕಾಗಿ ಮನುಷ್ಯನು ಮೇಲಕ್ಕೇರಿದನು. 1858ರಲ್ಲಿ ಫ್ರಾನ್ಸಿನ ನದಾರ್ ಎಂಬ ಛಾಯಾಚಿತ್ರಕಾರನು ಬೆಲೂನಿನಲ್ಲಿ ಏರಿ ನೆಲದ ಚಿತ್ರ ತೆಗೆದನು. ಆಮೇಲೆ ವಿಮಾನಗಳು ಬಂದವು. ವಿಮಾನದಿಂದ ತೆಗೆದ ಚಿತ್ರಗಳನ್ನು ಓದುವುದನ್ನು ಕಲಿಸಲೆಂದು 1966ರಲ್ಲಿ ಡೆಹರಾಡೂನಿನಲ್ಲಿ ಡಚ್ಚರ ನೆರವಿನಿಂದ ಒಂದು ಸಂಸ್ಥೆ ಆರಂಭವಾಯಿತು. ಕೊನೆಗೆ, 1972ರ ಜುಲೈ 23ರಂದು ಅಮೆರಿಕದವರು ನೆಲದ ಸಂಪತ್ತನ್ನು ನೋಡುವುದಕ್ಕಾಗಿಯೇ ಒಂದು ಉಪಗ್ರಹವನ್ನು ಹಾರಿಸಿದರು. ಅದಕ್ಕೆ ಮುಂದೆ ಲ್ಯಾಂಡ್‌ಸ್ಯಾಟ್-1 ಎಂದು ಹೆಸರಾಯಿತು.

ಬೆಳಕು ಹೇಳುವ ಸಾಕ್ಷಿ

ಉಪಗ್ರಹದಲ್ಲಿರುವುದು ಬರಿಯ ಕ್ಯಾಮರಾ ಎಂದು ತಿಳಿದರೆ ಅರ್ಧ ಮಾತ್ರ ತಿಳಿದಂತೆ. ಇದರ ಗುಟ್ಟು ಬೆಳಕಿನಲ್ಲಿದೆ.

ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ನೇರಳೆಯಿಂದ ಕೆಂಪಿನವರೆಗೆ ಏಳು ಬಣ್ಣ ಬಿಡಿಯಾಗಿ ಬೀಳುವುದನ್ನು ಶಾಲೆಯಲ್ಲಿ ನೋಡಿದ್ದೇವೆ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ಶಾಸ್ತ್ರಜ್ಞನು ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ಕಾವನ್ನು ಅಳೆದನು. ಕೆಂಪು ಮುಗಿದ ಮೇಲೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿಟ್ಟ ಮಾಪಕವೂ ಏರಿತು. ಅಲ್ಲಿ ಕಣ್ಣಿಗೆ ಕಾಣದ ಬೆಳಕು ಉಂಟು ಎಂಬುದು ಹೀಗೆ ತಿಳಿಯಿತು. ಇದೇ ಇನ್‌ಫ್ರಾರೆಡ್ ಎನ್ನುವ ಕೆಂಪಿನಾಚೆಯ ಬೆಳಕು.

ಲೋಕದ ಪ್ರತಿಯೊಂದು ವಸ್ತುವೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸ್ವಲ್ಪವನ್ನು ನುಂಗುತ್ತದೆ, ಸ್ವಲ್ಪವನ್ನು ಹಿಂದಕ್ಕೆ ಎಸೆಯುತ್ತದೆ. ಯಾವ ಬಣ್ಣವನ್ನು ಎಷ್ಟು ನುಂಗಿತು, ಎಷ್ಟು ಎಸೆಯಿತು ಎಂಬುದು ಒಂದೊಂದಕ್ಕೆ ಒಂದೊಂದು ಬಗೆ. ಹಸುರೆಲೆಯು ತನ್ನ ಅಡುಗೆಗಾಗಿ ನೀಲಿ ಮತ್ತು ಕೆಂಪು ಬೆಳಕನ್ನು ನುಂಗಿಬಿಡುತ್ತದೆ. ಹಸುರನ್ನು ಸ್ವಲ್ಪ ಹಿಂದಿರುಗಿಸುತ್ತದೆ. ಆದರೆ ಕೆಂಪಿನಾಚೆಯ ಬೆಳಕು ಎಲೆಯ ಒಳಗಿನ ಜೀವಕೋಶಗಳ ನಡುವೆ ಚೆದರಿ, ಅರ್ಧದ ಸುಮಾರಿಗೆ ಹಿಂದಕ್ಕೆ ಹೊಮ್ಮುತ್ತದೆ. ಆ ಬೆಳಕನ್ನು ನಮ್ಮ ಕಣ್ಣು ಕಾಣುವಂತಿದ್ದರೆ ಕಾಡುಗಳು ಹಸುರಾಗಿಯಲ್ಲ, ಉರಿಯುವಷ್ಟು ಪ್ರಕಾಶವಾಗಿ ತೋರುತ್ತಿದ್ದವು. ನೀರಿನದು ಇದಕ್ಕೆ ವಿರುದ್ಧ. ಅದು ಕೆಂಪಿನಾಚೆಯ ಬೆಳಕನ್ನು ಪೂರ್ತಿಯಾಗಿ ನುಂಗುತ್ತದೆ. ಬರಿಯ ಮಣ್ಣು ಇವೆರಡರ ನಡುವಿನದು; ಒಣಗಿದ್ದರೆ ಹೆಚ್ಚು, ತೇವವಿದ್ದರೆ ಕಡಿಮೆ ಬೆಳಕು ಕೊಡುತ್ತದೆ. ಹೀಗೆ ಮೂರು ನಾಲ್ಕು ಬಣ್ಣಗಳ ಬೆಳಕನ್ನು ಬೇರೆಬೇರೆಯಾಗಿ ಅಳೆದರೆ, ಸಾಕ್ಷಿಗಳ ಹೇಳಿಕೆಗಳನ್ನು ತಾಳೆ ನೋಡಿದಂತೆ, ನೆಲದ ಮೇಲಿರುವುದೇನು ಎಂದು ತೀರ್ಮಾನಿಸಬಹುದು.

ನಮ್ಮ ದೇಶದಲ್ಲಿ ಇದರ ಮೊದಲ ಪರೀಕ್ಷೆ ನಡೆದುದು ತೆಂಗಿನ ತೋಟದ ಮೇಲೆ. 1970ರಲ್ಲಿ ಪಿ. ಆರ್. ಪಿಷಾರೋಟಿಯವರ ಮುಂದಾಳುತನದಲ್ಲಿ ಕೇರಳದ ಕಾಯಂಕುಳಂ ಸೀಮೆಯಲ್ಲಿ ಹೆಲಿಕಾಪ್ಟರಿನಿಂದ ಕೆಂಪಿನಾಚೆಯ ಬೆಳಕಿಗೆ ಸ್ಪಂದಿಸುವ ಫಿಲ್ಮಿನಲ್ಲಿ ಚಿತ್ರ ತೆಗೆದರು. ಬೇರು ಸೊರಗುವ ರೋಗ ತಗಲಿದ ಮರಗಳು ಆರೋಗ್ಯವಂತ ಮರಗಳಿಗಿಂತ ಬೇರೆಯಾಗಿ ಮೂಡಿದವು. ನಾಡಿಯನ್ನು ಮುಟ್ಟದೆಯೇ ರೋಗಿಯನ್ನು ಗುರುತಿಸಿದಂತಾಯಿತು. ಪಿಷಾರೋಟಿಯವರನ್ನು ಭಾರತದ ದೂರಸಂವೇದನೆಯ ಪಿತಾಮಹರೆಂದು ಕರೆಯುವುದು ಇದರಿಂದಲೇ.

ಉಪಗ್ರಹದ ದಿನಚರಿ

1974ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ದೂರಸಂವೇದನ ಸಂಸ್ಥೆ ಸ್ಥಾಪನೆಯಾಯಿತು. 1979ರಲ್ಲಿ ಷಾದ್‌ನಗರದ ಬಳಿ ಅಮೆರಿಕದ ಲ್ಯಾಂಡ್‌ಸ್ಯಾಟ್ ಕಳುಹಿಸುವ ಚಿತ್ರಗಳನ್ನು ನೇರವಾಗಿ ಹಿಡಿಯುವ ಕೇಂದ್ರ ಸಿದ್ಧವಾಯಿತು. ಕಾಚಿಗುಡದಿಂದ ಮಹಬೂಬ್‌ನಗರದ ಮೇಲೆ ಬೆಂಗಳೂರಿಗೆ ಹೋಗುವ ರೈಲು ಈ ಷಾದ್‌ನಗರವನ್ನು ದಾಟಿಯೇ ಹೋಗುತ್ತದೆ. 2008ರಲ್ಲಿ ಈ ಸಂಸ್ಥೆಯು ಇಸ್ರೋದ ಅಂಗವಾಗಿ, ರಾಷ್ಟ್ರೀಯ ದೂರಸಂವೇದನ ಕೇಂದ್ರ ಎಂಬ ಹೆಸರು ಪಡೆಯಿತು.

ಪರರ ಉಪಗ್ರಹವನ್ನೇ ನಂಬಿ ಕುಳಿತರೆ ನಡೆಯದೆಂದು ನಮ್ಮವರು 1979 ಮತ್ತು 1981ರಲ್ಲಿ ಭಾಸ್ಕರ ಎಂಬ ಎರಡು ಉಪಗ್ರಹಗಳನ್ನು ಕಟ್ಟಿ ಕೈ ಪಳಗಿಸಿಕೊಂಡರು. ತರುವಾಯ ಐ.ಆರ್.ಎಸ್.-1ಎ ಬಂದಿತು. ಬೆಂಗಳೂರಿನಲ್ಲಿ ಕಟ್ಟಿದ ಈ ಉಪಗ್ರಹ 1988ರ ಮಾರ್ಚ್ 17ರಂದು ಸೋವಿಯತ್ ದೇಶದ ಬೈಕನೂರಿನಿಂದ ಮೇಲೇರಿತು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾಯರು. ಆಕಾಶದ ವಿದ್ಯೆ ಬಡವನ ಹೊಲಕ್ಕೆ ಇಳಿಯಬೇಕೆಂಬ ಹಟ ಅವರದು.

ಐ.ಆರ್.ಎಸ್.-1ಎ ನೆಲದಿಂದ 904 ಕಿಲೋಮೀಟರು ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿತ್ತು. ಒಂದು ಸುತ್ತಿಗೆ 103 ನಿಮಿಷ. ಅದು ಸುತ್ತುತ್ತಿರುವಾಗಲೇ ಕೆಳಗೆ ಭೂಮಿಯೂ ತಿರುಗುವುದರಿಂದ ಪ್ರತಿ ಸುತ್ತಿನಲ್ಲಿಯೂ ಹೊಸದೊಂದು ಪಟ್ಟಿ ಕಣ್ಣಿಗೆ ಬೀಳುತ್ತದೆ. ಹೀಗೆ 22 ದಿನಗಳಲ್ಲಿ ಇಡೀ ಭೂಮಿಯನ್ನು ನೋಡಿ ಮುಗಿಸಿ, ಮತ್ತೆ ಮೊದಲಿನ ಜಾಗಕ್ಕೇ ಬರುತ್ತಿತ್ತು. ಇನ್ನೊಂದು ಚಮತ್ಕಾರವುಂಟು. ಯಾವ ದಿನ ಬಂದರೂ ಅದು ನಮ್ಮ ಸೀಮೆಯ ಮೇಲೆ ಬೆಳಗಿನ ಹತ್ತೂವರೆಯ ಸುಮಾರಿಗೇ ಹಾಯುವಂತೆ ದಾರಿಯನ್ನು ಗೊತ್ತುಮಾಡಿದ್ದರು. ಹೊತ್ತು ಬದಲಾದರೆ ಬಿಸಿಲಿನ ಓರೆ ಬದಲಾಗುತ್ತದೆ, ನೆರಳು ಬದಲಾಗುತ್ತದೆ. ಒಂದು ಚಿತ್ರವನ್ನು ಇನ್ನೊಂದಕ್ಕೆ ಹೋಲಿಸಲು ಬರುವುದಿಲ್ಲ. ಕಚೇರಿಗೆ ಹೊತ್ತಿಗೆ ಸರಿಯಾಗಿ ಬರುವ ಗುಮಾಸ್ತನಂತೆ ಉಪಗ್ರಹವೂ ಹಾಜರಿ ಹಾಕಬೇಕು!

ಎಷ್ಟು ಸಣ್ಣ ವಸ್ತು ಅದಕ್ಕೆ ಕಾಣುತ್ತದೆ? ಉಪಗ್ರಹದ ಚಿತ್ರ ಸಣ್ಣ ಸಣ್ಣ ಚೌಕಗಳಿಂದಾದದ್ದು. ಒಂದು ಚೌಕದೊಳಗೆ ಏನೇ ಇದ್ದರೂ ಅದಕ್ಕೆ ಒಂದೇ ಬಣ್ಣ. ಇದನ್ನು ನಮ್ಮ ಗುಂಟೆಯ ಲೆಕ್ಕದಲ್ಲಿ ನೋಡೋಣ. ಲ್ಯಾಂಡ್‌ಸ್ಯಾಟ್-1ರ ಒಂದು ಚೌಕ ಸುಮಾರು ಒಂದೂವರೆ ಎಕರೆ. ಐ.ಆರ್.ಎಸ್.-1ಎಯ ಒಂದು ಕ್ಯಾಮರಾದ ಚೌಕ 72.5 ಮೀಟರು ಉದ್ದಗಲದ್ದು. ಎಂದರೆ ಒಂದು ಎಕರೆ ಹನ್ನೆರಡು ಗುಂಟೆ. 1995ರ ಡಿಸೆಂಬರಿನಲ್ಲಿ ಹಾರಿದ ಐ.ಆರ್.ಎಸ್.-1ಸಿಯ ಬಣ್ಣದ ಕ್ಯಾಮರಾಕ್ಕೆ 23.5 ಮೀಟರಿನ ಚೌಕ, ಐದೂವರೆ ಗುಂಟೆ. ಅದರಲ್ಲಿಯೇ ಇದ್ದ ಇನ್ನೊಂದು ಕಪ್ಪು-ಬಿಳುಪು ಕ್ಯಾಮರಾಕ್ಕೆ 5.8 ಮೀಟರಿನ ಚೌಕ. ಮೂವತ್ತಕ್ಕೆ ನಲವತ್ತು ಅಡಿಯ ನಿವೇಶನದಲ್ಲಿ ಅಂಥವು ಮೂರು ಹಿಡಿಸುತ್ತವೆ. 2003, 2011 ಮತ್ತು 2016ರಲ್ಲಿ ಹಾರಿದ ರಿಸೋರ್ಸ್‌ಸ್ಯಾಟ್ ಎಂಬ ಉಪಗ್ರಹಗಳು 817 ಕಿಲೋಮೀಟರು ಎತ್ತರದಿಂದ ಬಣ್ಣದಲ್ಲಿಯೂ ಇಷ್ಟೇ ಸೂಕ್ಷ್ಮವಾಗಿ ನೋಡಬಲ್ಲವಾಗಿದ್ದವು. ಪುಣೆಯಿಂದ ಬೆಂಗಳೂರಿಗೆ ರಸ್ತೆಯ ಮೇಲೆ ಹೆಚ್ಚುಕಡಿಮೆ ಅಷ್ಟೇ ದೂರ. ಅಲ್ಲಿ ನಿಂತು ಇಲ್ಲಿಯ ಒಂದು ಕೋಣೆಯನ್ನು ನೋಡಿದಂತೆ.

ಕೆಂಪಾದ ಕಾಡು, ಕರಿಯ ಕೆರೆ

ಇಂಥ ಚಿತ್ರವನ್ನು ಮೊದಲ ಸಲ ನೋಡಿದವರು ಬೆರಗಾಗುತ್ತಾರೆ. ಕಾಡು, ತೋಟ, ಬೆಳೆ ಎಲ್ಲವೂ ಕೆಂಪು! ಕಣ್ಣಿಗೆ ಕಾಣದ ಬೆಳಕನ್ನು ಕಾಣುವಂತೆ ಮಾಡಲು ಅದಕ್ಕೊಂದು ಬಣ್ಣ ಹಚ್ಚಬೇಕು. ಕೆಂಪಿನಾಚೆಯ ಬೆಳಕಿಗೆ ಕೆಂಪನ್ನೂ, ಕೆಂಪು ಬೆಳಕಿಗೆ ಹಸುರನ್ನೂ, ಹಸುರು ಬೆಳಕಿಗೆ ನೀಲಿಯನ್ನೂ ಕೊಡುವುದು ವಾಡಿಕೆ. ಇದು ವೇಷ ಹಾಕಿದ ಚಿತ್ರ. ವೇಷದ ಕ್ರಮ ತಿಳಿದರೆ ಪಾತ್ರ ಯಾವುದೆಂದು ತಿಳಿಯುತ್ತದೆ. ಗಾಢ ಕೆಂಪು ದಟ್ಟ ಕಾಡು, ತಿಳಿಗೆಂಪು ಎಳೆಯ ಬೆಳೆ, ಆಳವಾದ ತಿಳಿನೀರು ಕಪ್ಪು, ಕೆಸರು ಬೆರೆತ ನೀರು ತಿಳಿನೀಲಿ, ಊರು ಪಟ್ಟಣಗಳು ನೀಲಿ ಬೆರೆತ ಬೂದಿ ಬಣ್ಣ, ಮರಳು ಬಿಳುಪು. ನೀರಿನಿಂದ ತುಂಬಿರಬೇಕಾದ ಕೆರೆಯಂಗಳ ಕಪ್ಪಾಗಿರದೆ ಕೆಂಪಾಗಿದ್ದರೆ, ಅಲ್ಲಿ ಜೊಂಡು ಬೆಳೆದಿದೆ ಅಥವಾ ಯಾರೋ ಒತ್ತುವರಿ ಮಾಡಿ ಬೆಳೆ ಹಾಕಿದ್ದಾರೆ ಎಂದು ತಿಳಿಯಬಹುದು.

ಆದರೆ ಚಿತ್ರ ನೋಡಿ ಮನೆಯಲ್ಲೇ ಕುಳಿತು ತೀರ್ಪು ಕೊಡುವಂತಿಲ್ಲ. ತೊಗರಿಯ ಕೆಂಪು ಯಾವುದು, ಹತ್ತಿಯ ಕೆಂಪು ಯಾವುದು ಎಂಬುದನ್ನು ತಿಳಿಯಲು ಕೆಲವು ಹೊಲಗಳಿಗೆ ಕಾಲ್ನಡಿಗೆಯಲ್ಲಿ ಹೋಗಿ ನೋಡಲೇಬೇಕು. ಇದಕ್ಕೆ ನೆಲದ ಸಾಕ್ಷಿ ಎನ್ನೋಣ. ನೂರು ಹೊಲಗಳನ್ನು ನಡೆದು ನೋಡಿದ ಬಲದ ಮೇಲೆ ಲಕ್ಷ ಹೊಲಗಳ ಮಾತನ್ನು ಉಪಗ್ರಹ ಹೇಳುತ್ತದೆ. ಆ ನೂರರಲ್ಲಿ ತಪ್ಪಿದರೆ ಲಕ್ಷದಲ್ಲಿಯೂ ತಪ್ಪು.

ಕಾಡಿನ ಲೆಕ್ಕ ಬಯಲಾದುದು

ಈ ವಿದ್ಯೆಯಿಂದ ದೇಶಕ್ಕೆ ಮೊದಲು ಒದಗಿದ್ದು ಒಂದು ಕಹಿ ಸತ್ಯ. ಬಹುಕಾಲದಿಂದ ಸರಕಾರದ ಕಡತಗಳಲ್ಲಿ ದೇಶದ ನೆಲದ ಸುಮಾರು 23 ಪಾಲು, ಎಂದರೆ ನೂರಕ್ಕೆ 23ರಷ್ಟು, ಅರಣ್ಯವೆಂದು ಬರೆದಿತ್ತು. ಅದು ಅರಣ್ಯವೆಂದು ಹೆಸರಾದ ಜಮೀನಿನ ಲೆಕ್ಕ. ಮರ ಇದೆಯೇ ಇಲ್ಲವೇ ಎಂಬ ಲೆಕ್ಕವಲ್ಲ. ಹೈದರಾಬಾದಿನ ಸಂಸ್ಥೆಯವರು ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಓದಿ ನೋಡಿದಾಗ, 1972-75ರಲ್ಲಿ ಕಾಡಿದ್ದುದು ನೂರಕ್ಕೆ 16.89 ಮಾತ್ರ, 1980-82ರ ಹೊತ್ತಿಗೆ ಅದು 14.10ಕ್ಕೆ ಇಳಿದಿತ್ತು. ಸುಮಾರು 5 ಕೋಟಿ 55 ಲಕ್ಷ ಹೆಕ್ಟೇರಿದ್ದ ಕಾಡು 4 ಕೋಟಿ 63 ಲಕ್ಷ ಹೆಕ್ಟೇರಿಗೆ ಬಂದಿತ್ತು. ಎಂಟು ವರ್ಷದ ಅಂತರದಲ್ಲಿ ಹೋದ ಕಾಡು ಕರ್ನಾಟಕದ ವಿಸ್ತಾರದ ಅರ್ಧಕ್ಕೆ ಹತ್ತಿರ.

ಈ ಅಂಕಿಗಳು ಗದ್ದಲವನ್ನೆಬ್ಬಿಸಿದವು. ಡೆಹರಾಡೂನಿನಲ್ಲಿ 1981ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಬೇರೆ ಚಿತ್ರಗಳನ್ನು ತನ್ನ ಕ್ರಮದಲ್ಲಿ ಓದಿ, 1987ರ ತನ್ನ ಮೊದಲ ವರದಿಯಲ್ಲಿ ನೂರಕ್ಕೆ ಹತ್ತೊಂಬತ್ತೂವರೆ ಎಂದು ಹೇಳಿತು. ಎರಡು ಸಂಸ್ಥೆಗಳೂ ಕೂತು ತಾಳೆ ನೋಡಿ ಒಪ್ಪಿದ ಅಂಕಿಯೂ ಹೆಚ್ಚುಕಡಿಮೆ ಅದೇ ಆಯಿತು. ಯಾವ ಲೆಕ್ಕ ಹಿಡಿದರೂ ಕಡತದ ಕಾಡು ನೆಲದ ಮೇಲಿರಲಿಲ್ಲ ಎಂಬುದಂತೂ ಸ್ಥಿರಪಟ್ಟಿತು. ಅಂದಿನಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಈ ಲೆಕ್ಕ ಹೊರಬರುತ್ತಿದೆ. 2023ರ ವರದಿಯ ಪ್ರಕಾರ ಕಾಡಿನ ಹೊದಿಕೆ ನೂರಕ್ಕೆ 21.76, ಕಾಡಿನ ಹೊರಗಿನ ಮರಗಳನ್ನೂ ಸೇರಿಸಿದರೆ 25.17.

ಹಾಗಾದರೆ ಕಾಡು ಹೆಚ್ಚಿತೆಂದು ಹಿಗ್ಗಬಹುದೆ? ಇಲ್ಲಿ ನಿಧಾನಿಸಬೇಕು. ಒಂದು ಹೆಕ್ಟೇರು ಅಥವಾ ಅದಕ್ಕೆ ಮೇಲ್ಪಟ್ಟ ನೆಲದಲ್ಲಿ ಮರದ ನೆತ್ತಿಯ ಹೊದಿಕೆ ನೂರಕ್ಕೆ ಹತ್ತಿದ್ದರೆ, ಅದು ಯಾರ ಜಮೀನೇ ಆಗಿರಲಿ, ಯಾವ ಮರವೇ ಆಗಿರಲಿ, ಕಾಡಿನ ಹೊದಿಕೆ ಎಂದೇ ಎಣಿಸುತ್ತಾರೆ. ಕೊಡಗಿನಲ್ಲಿ ನೆರಳಿನ ಮರಗಳ ಕೆಳಗಿರುವ ಕಾಫಿ ತೋಟವೂ ಮೇಲಿನಿಂದ ಕಾಡಿನಂತೆಯೇ ತೋರುತ್ತದೆ. ನೀಲಗಿರಿಯ ನೆಡುತೋಪೂ ಹಾಗೆಯೇ. ನೂರು ಜಾತಿಯ ಹಳೆಯ ಕಾಡು ಕಡಿದುಹೋಗಿ, ಬೇರೊಂದು ಕಡೆ ಒಂದೇ ಜಾತಿಯ ತೋಪು ಎದ್ದರೆ ಅಂಕಿ ಅಷ್ಟೇ ಉಳಿಯುತ್ತದೆ, ಕಾಡು ಉಳಿಯುವುದಿಲ್ಲ. ಉಪಗ್ರಹ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ನಾವು ಕೇಳಿದ ಪ್ರಶ್ನೆಗೆ ಮಾತ್ರ ಅದು ಉತ್ತರ ಹೇಳುತ್ತದೆ.

ನೆಲದೊಳಗಿನ ನೀರು

ಈಗ ನಮ್ಮ ಕೊಳವೆ ಬಾವಿಯ ಮಾತಿಗೆ ಬರೋಣ. ಉಪಗ್ರಹಕ್ಕೆ ನೆಲದೊಳಗಿನ ನೀರು ಕಾಣುತ್ತದೆಂದು ಕೆಲವರು ತಿಳಿದಿದ್ದಾರೆ. ಇದು ಸರಿಯಲ್ಲ. ನಾವು ಹೇಳಿದ ಬೆಳಕು ನೆಲದ ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಒಂದು ಗೇಣು ಕೂಡ ಒಳಕ್ಕೆ ಹೋಗುವುದಿಲ್ಲ. ಉಪಗ್ರಹ ತೋರಿಸುವುದು ನೀರನ್ನಲ್ಲ, ನೀರಿನ ಕುರುಹುಗಳನ್ನು. ಕುರುಹಿನಿಂದ ನೀರನ್ನು ಊಹಿಸುವುದು ನಮ್ಮ ದೇಶದಲ್ಲಿ ಹಳೆಯ ವಿದ್ಯೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮರಗಿಡ, ಹುತ್ತಗಳ ಗುರುತಿನಿಂದ ನೀರನ್ನು ಕಂಡುಹಿಡಿಯುವುದಕ್ಕಾಗಿ ಒಂದು ಅಧ್ಯಾಯವೇ ಇದೆ. ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿನಲ್ಲಿ ತೋಡಿದ ಸುರಂಗ ಕಾಲುವೆ, ನಾವು ಕಾರೇಜು ಎನ್ನುವುದು, ನೆಲದ ಗುಣವನ್ನರಿತವರ ಕೆಲಸವೇ ಸರಿ.

ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ನೆಲದ ಕೆಳಗೆ ನದಿ ಹರಿಯುತ್ತದೆಂಬುದು ನಮ್ಮ ಸೀಮೆಯ ಮಟ್ಟಿಗೆ ಕಟ್ಟುಕತೆ. ರಾಯಚೂರು, ಯಾದಗಿರಿಗಳ ಬಹುಭಾಗದಲ್ಲಿ ಕೆಳಗಿರುವುದು ಗ್ರಾನೈಟು ಮತ್ತು ಅದರ ಬಳಗದ ಗಟ್ಟಿ ಕಲ್ಲು. ಬೀದರ ಮತ್ತು ಕಲಬುರಗಿಯ ಬಡಗಣ ತಾಲೂಕುಗಳಲ್ಲಿ ಎರೆಮಣ್ಣಿನ ಕೆಳಗೆ ಹಳೆಯ ಲಾವಾ ಹೆಪ್ಪುಗಟ್ಟಿದ ಕರಿಕಲ್ಲಿನ ಪದರಗಳು. ಈ ಕಲ್ಲುಗಳ ಒಡಲಿನಲ್ಲಿ ನೀರಿಗೆ ಜಾಗವಿಲ್ಲ. ನೀರು ನಿಲ್ಲುವುದು ಎರಡೇ ಕಡೆ: ಮೇಲೆ ಬಿಸಿಲು ಮಳೆಗೆ ಸಡಿಲಾಗಿ ಮೊರಂ ಆಗಿರುವ ಪದರದಲ್ಲಿ, ಕೆಳಗೆ ಕಲ್ಲು ಸೀಳಿದ ಬಿರುಕುಗಳಲ್ಲಿ. ಬಿರುಕು ಸಿಕ್ಕಿದ ಕೊಳವೆಯಲ್ಲಿ ನೀರು. ನಾಲ್ಕು ಮಾರು ಆಚೆ ಗಟ್ಟಿ ಕಲ್ಲು ಸಿಕ್ಕಿದ ಕೊಳವೆಯಲ್ಲಿ ಧೂಳು. ಪಕ್ಕದ ಹೊಲದವನಿಗೆ ಬಿದ್ದ ನೀರು ನಮಗೇಕೆ ಬೀಳಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಇದು. ಹಣೆಬರಹವನ್ನು ಹಳಿಯಬೇಕಾಗಿಲ್ಲ.

ದೊಡ್ಡ ಬಿರುಕುಗಳು ಮೇಲಿನಿಂದ ನೋಡಿದರೆ ಗೆರೆ ಎಳೆದಂತೆ ತೋರುತ್ತವೆ. ಅಂಕುಡೊಂಕಾಗಿ ಹರಿಯಬೇಕಾದ ಹಳ್ಳ ಮೈಲುಗಟ್ಟಲೆ ನೆಟ್ಟಗೆ ಹರಿದರೆ, ಅದು ಬಿರುಕಿನ ದಾರಿ ಹಿಡಿದಿದೆ ಎಂದು ಸಂಶಯಪಡಬಹುದು. ಬೇಸಿಗೆಯ ಚಿತ್ರದಲ್ಲಿ ಸುತ್ತಲೂ ಒಣಗಿದ್ದು, ಒಂದು ಸಾಲಿನಲ್ಲಿ ಮಾತ್ರ ಗಿಡಗಳು ಕೆಂಪಾಗಿದ್ದರೆ, ಅಲ್ಲಿ ಬೇರಿಗೆ ತೇವ ಸಿಕ್ಕುತ್ತಿದೆ. ಇಂಥ ಎರಡು ಗೆರೆಗಳು ಒಂದನ್ನೊಂದು ಕತ್ತರಿಸುವ ಸ್ಥಳ ಇನ್ನೂ ಮೇಲು. ಬೋಳು ಬಂಡೆಯ ಗುಡ್ಡ ನೀರಿಗೆ ಕನಿಷ್ಠ. ಗುಡ್ಡದ ಬುಡದ ತೆಳು ಮಣ್ಣಿನ ಇಳಿಜಾರು ಸಾಧಾರಣ. ಮೆಕ್ಕಲು ತುಂಬಿದ ತಗ್ಗಿನ ಕಣಿವೆ ಉತ್ತಮ. ಕರಿಕಲ್ಲಿನ ಗೋಡೆಯಂತೆ ನೆಲವನ್ನು ಸೀಳಿ ನಿಂತ ಸಾಲುಗಳುಂಟು. ಅವು ನೆಲದೊಳಗಿನ ನೀರಿಗೆ ಒಡ್ಡಿನಂತೆ ಅಡ್ಡ ನಿಲ್ಲುತ್ತವೆ. ಒಡ್ಡಿನ ಮೇಲ್ಮಗ್ಗುಲಲ್ಲಿ ನೀರು, ಕೆಳಮಗ್ಗುಲಲ್ಲಿ ಇಲ್ಲ.

ಇವನ್ನೆಲ್ಲ ಕೂಡಿಸಿ, ಇರುವ ಬಾವಿಗಳ ನೀರಿನ ಮಟ್ಟದೊಡನೆ ತಾಳೆ ನೋಡಿ, ಕುಡಿಯುವ ನೀರಿನ ರಾಷ್ಟ್ರೀಯ ಯೋಜನೆಗಾಗಿ ಹೈದರಾಬಾದಿನ ಸಂಸ್ಥೆ ಮತ್ತು ರಾಜ್ಯಗಳ ದೂರಸಂವೇದನ ಕೇಂದ್ರಗಳು ಅಂತರ್ಜಲದ ನಕ್ಷೆಗಳನ್ನು ಸಿದ್ಧಪಡಿಸಿವೆ. ಕರ್ನಾಟಕವೂ ಇದರಲ್ಲಿ ಸೇರಿದೆ. ನಕ್ಷೆಯ ಒಂದು ಸೆಂಟಿಮೀಟರು ನೆಲದ ಮೇಲಿನ 500 ಮೀಟರು. ಇದನ್ನು ಚೆನ್ನಾಗಿ ನೆನಪಿಡಬೇಕು. ಊರಿನ ಯಾವ ಮಗ್ಗುಲಲ್ಲಿ ಹುಡುಕಬೇಕು ಎಂಬುದನ್ನು ಈ ನಕ್ಷೆ ಹೇಳುತ್ತದೆ. ಯಾವ ಬದುವಿನ ಬಳಿ ಕೊರೆಯಬೇಕು ಎಂಬುದನ್ನು ಹೇಳುವುದಿಲ್ಲ. ಆ ಬಿಂದುವನ್ನು ಗೊತ್ತುಮಾಡಲು ಭೂವಿಜ್ಞಾನಿಯು ಹೊಲಕ್ಕೆ ಬಂದು, ನೆಲಕ್ಕೆ ಸರಳುಗಳನ್ನು ನೆಟ್ಟು ವಿದ್ಯುತ್ತು ಹಾಯಿಸಿ ಪರೀಕ್ಷಿಸಬೇಕು. ಒಣಕಲ್ಲು ವಿದ್ಯುತ್ತನ್ನು ಬಲವಾಗಿ ತಡೆಯುತ್ತದೆ; ನೀರಿದ್ದ ಬಿರುಕು ಅಷ್ಟಾಗಿ ತಡೆಯುವುದಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಲ್ಲುವುದನ್ನು ನೋಡಿ ದುಡ್ಡು ಸುರಿಯುವುದಕ್ಕಿಂತ ಈ ದಾರಿ ಮೇಲು.

ನೀರನ್ನು ತೂಗಿದ ಉಪಗ್ರಹಗಳು

ನೆಲದೊಳಗಿನ ನೀರನ್ನು ನೋಡಲಾಗದಿದ್ದರೂ ತೂಗಬಹುದು ಎಂದರೆ ನಂಬುವಿರಾ? 2002ರಲ್ಲಿ ಹಾರಿಸಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಒಂದರ ಹಿಂದೊಂದು ಸುಮಾರು 220 ಕಿಲೋಮೀಟರು ಅಂತರದಲ್ಲಿ ಓಡುತ್ತಿದ್ದವು. ಕೆಳಗೆ ತೂಕ ಹೆಚ್ಚಿರುವ ಸ್ಥಳ ಬಂದರೆ ಭೂಮಿಯ ಸೆಳೆತ ಹೆಚ್ಚಿ ಮುಂದಿನದು ತುಸು ಮುಂದಕ್ಕೆ ಜಗ್ಗುತ್ತದೆ. ಇಬ್ಬರ ನಡುವಿನ ಅಂತರ ಕೂದಲೆಳೆಗಿಂತ ಸಣ್ಣ ಪ್ರಮಾಣದಲ್ಲಿ ಬದಲಾಗುತ್ತದೆ. ಅದನ್ನು ಅಳೆದು ಕೆಳಗಿನ ನೀರು ಹೆಚ್ಚಿತೇ ಕುಗ್ಗಿತೇ ಎಂದು ಲೆಕ್ಕ ಹಾಕಬಹುದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 2002ರ ಆಗಸ್ಟಿನಿಂದ 2008ರ ಅಕ್ಟೋಬರಿನವರೆಗೆ ರಾಜಸ್ಥಾನ, ಪಂಜಾಬ, ಹರಿಯಾಣಗಳಲ್ಲಿ (ದೆಹಲಿಯೂ ಸೇರಿ) ನೆಲದೊಳಗಿಂದ 109 ಘನ ಕಿಲೋಮೀಟರು ನೀರು ಖರ್ಚಾಗಿ ಹೋಗಿತ್ತು. ತುಂಗಭದ್ರಾ ಜಲಾಶಯವು ಹೂಳು ತುಂಬಿದ ಮೇಲೆ ಹಿಡಿಯುವ ನೀರು ಸುಮಾರು 105 ಟಿ.ಎಂ.ಸಿ. ಅಂಥ ಜಲಾಶಯವನ್ನು ಮೂವತ್ತೈದು ಸಲಕ್ಕೂ ಮೀರಿ ತುಂಬಿಸುವಷ್ಟು ನೀರು ಅದು. ಬ್ಯಾಂಕಿನಲ್ಲಿ ಹಾಕದೆ ತೆಗೆಯುತ್ತಲೇ ಹೋದರೆ ಪಾಸುಪುಸ್ತಕ ಹೇಗಾಗುತ್ತದೋ ಹಾಗೆ. ಕೊಳವೆ ಬಾವಿ ಕೊರೆಸುವ ವಿದ್ಯೆ ಎಷ್ಟು ಬೆಳೆದರೂ, ಮಳೆನೀರನ್ನು ನೆಲಕ್ಕೆ ಇಂಗಿಸುವ ಬುದ್ಧಿ ಬೆಳೆಯದಿದ್ದರೆ ಬಿರುಕು ಬರಿದಾಗುವುದು ತಪ್ಪದು.

ಕಾಣದ್ದು ಯಾವುದು

ಈ ವಿದ್ಯೆಗೂ ಮಿತಿಗಳುಂಟು. ಮಳೆಗಾಲದಲ್ಲಿ ಮೋಡ ಕವಿದರೆ ಬೆಳಕಿನ ಕ್ಯಾಮರಾಕ್ಕೆ ಮೋಡದ ಬೆನ್ನಷ್ಟೇ ಕಾಣುತ್ತದೆ. ನೆರೆ ಬಂದು ಊರು ಮುಳುಗಿದಾಗಲೇ ಅದು ಕುರುಡು. ಇದಕ್ಕಾಗಿ ರೇಡಾರಿನ ಉಪಗ್ರಹಗಳನ್ನು ಮಾಡಿದರು. ಅವು ತಾವೇ ರೇಡಿಯೋ ಅಲೆಗಳನ್ನು ಕಳುಹಿಸಿ ಅವುಗಳ ಮಾರ್ದನಿಯನ್ನು ಕೇಳುತ್ತವೆ. ಮೋಡವಾಗಲಿ ಇರುಳಾಗಲಿ ಅಡ್ಡಿಯಿಲ್ಲ. ಭಾರತದ ರೀಸ್ಯಾಟ್-1 2012ರಲ್ಲಿ ಹಾರಿತು. ಭಾರತ ಮತ್ತು ಅಮೆರಿಕ ಕೂಡಿ ಕಟ್ಟಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿತು.

ಕೆರೆ ಜಲಾಶಯಗಳ ನೀರು ಎಷ್ಟು ಅಗಲ ಹರಡಿದೆ ಎಂಬುದು ಉಪಗ್ರಹಕ್ಕೆ ತಿಳಿಯುತ್ತದೆ. ತಳದ ಹೂಳಿನ ದಪ್ಪ ತಿಳಿಯುವುದಿಲ್ಲ. ಅದನ್ನು ದೋಣಿಯಿಂದ ಅಳೆಯಬೇಕು. ಇನ್ನು ಜಮೀನಿನ ಹಕ್ಕು. ಗಡಿಯ ವ್ಯಾಜ್ಯದಲ್ಲಿ ಮೊಬೈಲಿನ ಚಿತ್ರ ತೋರಿಸಿ ಜಗಳಕ್ಕೆ ನಿಲ್ಲುವವರುಂಟು. ಇದು ತಪ್ಪು. ಯಾರು ಉಳುತ್ತಿದ್ದಾರೆ ಎಂಬುದು ಚಿತ್ರದಲ್ಲಿ ಮೂಡಬಹುದು. ಯಾರದು ಎಂಬುದು ಮೂಡದು. ಅದಕ್ಕೆ ಪಹಣಿಯೂ ಭೂಮಾಪಕರ ಹದ್ದುಬಸ್ತಿನ ಅಳತೆಯೂ ಬೇಕು.

ನಾವು ಮಾಡಬಹುದಾದದ್ದು

ಒಂದು ಕಾಲಕ್ಕೆ ಇಂಥ ಚಿತ್ರಗಳು ದುಬಾರಿಯಾಗಿದ್ದು ಸಾಮಾನ್ಯರ ಕೈಗೆ ಎಟುಕುತ್ತಿರಲಿಲ್ಲ. 2008ರಲ್ಲಿ ಅಮೆರಿಕದವರು ಲ್ಯಾಂಡ್‌ಸ್ಯಾಟಿನ ಹಳೆಯ ಹೊಸ ಚಿತ್ರಗಳನ್ನೆಲ್ಲ ಉಚಿತವಾಗಿ ತೆರೆದಿಟ್ಟರು. 2009ರಲ್ಲಿ ಹೈದರಾಬಾದಿನ ಕೇಂದ್ರವು ಭುವನ್ ಎಂಬ ತಾಣವನ್ನು ಆರಂಭಿಸಿತು. ಉಪಗ್ರಹದ ಚಿತ್ರಗಳೂ ಹಲವು ಬಗೆಯ ನಕ್ಷೆಗಳೂ ಅಲ್ಲಿ ಕಾಸಿಲ್ಲದೆ ನೋಡಸಿಗುತ್ತವೆ. ಕರ್ನಾಟಕದ ದೂರಸಂವೇದನ ಕೇಂದ್ರದವರ ದಿಶಾಂಕ್ ಎಂಬ ಆ್ಯಪಿನಲ್ಲಿ ಸರ್ವೆ ನಂಬರಿನ ಮೂಲಕ ಹೊಲ ಎಲ್ಲಿದೆ ಎಂದು ನೋಡಬಹುದು. ಒಂದು ರೀತಿಯಲ್ಲಿ ಇವೂ ನಮ್ಮ ಉಚಿತ ವಾಚನಾಲಯದಂಥವೇ. ಬಂದು ಓದುವವರು ಬೇಕು, ಅಷ್ಟೆ.

ಆದುದರಿಂದ ಊರಿನಲ್ಲಿ ಬಾವಿ ಕೊರೆಸಬೇಕೆಂದಿರುವ ಬಂಧುಗಳಿಗೆ ನಮ್ಮ ಸೂಚನೆಗಳು ಇವು. ಮೊದಲು ಊರಿನ ಅಂತರ್ಜಲ ನಕ್ಷೆಯನ್ನು ನೋಡಬೇಕು. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಬೇಕು. ಎರಡನೆಯದಾಗಿ, ಜಿಲ್ಲೆಯ ಅಂತರ್ಜಲ ಕಚೇರಿಯಲ್ಲಿ ವಿಚಾರಿಸಿ ಭೂವಿಜ್ಞಾನಿಯಿಂದ ಸ್ಥಳ ಪರೀಕ್ಷೆ ಮಾಡಿಸಬೇಕು. ಅಧಿಸೂಚಿತ ತಾಲೂಕಾದರೆ 2011ರ ಕಾಯಿದೆಯಂತೆ ಅನುಮತಿಯೂ ಬೇಕು. ಮೂರನೆಯದಾಗಿ, ನೀರು ಬೀಳದಿದ್ದರೆ ಕೊಳವೆಯ ಬಾಯನ್ನು ಅಂದೇ ಭದ್ರವಾಗಿ ಮುಚ್ಚಿಸಬೇಕು; ತೆರೆದ ಕೊಳವೆ ಎಷ್ಟೋ ಮಕ್ಕಳ ಪ್ರಾಣ ತೆಗೆದಿದೆ. ನಾಲ್ಕನೆಯದಾಗಿ, ನೀರು ಬಿದ್ದರೂ ಬೀಳದಿದ್ದರೂ ಊರ ಕೆರೆಯ ಈಗಿನ ಚಿತ್ರವನ್ನು ಹತ್ತು ವರ್ಷದ ಹಿಂದಿನ ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ಕರಿದು ಎಷ್ಟು ಕುಗ್ಗಿದೆ, ಕೆಂಪು ಎಷ್ಟು ಒಳಕ್ಕೆ ಬಂದಿದೆ ಎಂಬುದನ್ನು ಹಬ್ಬಕ್ಕೆ ಊರಿಗೆ ಹೋದಾಗ ಗ್ರಾಮಸಭೆಯಲ್ಲಿ ತೋರಿಸಬೇಕು. ದೂರದಲ್ಲಿರುವವರಿಗೆ ಊರ ಕೆಲಸದಲ್ಲಿ ಪಾಲಿಲ್ಲವೆಂದು ಹೇಳುವಂತಿಲ್ಲ. ದೂರದಿಂದ ನೋಡಿದವನಿಗೂ ಹೇಳುವ ಮಾತೊಂದಿರುತ್ತದೆ ಎಂಬುದನ್ನು ಈ ವಿದ್ಯೆಯೇ ತೋರಿಸಿಕೊಟ್ಟಿದೆ.

ಪಾಠವನ್ನು ಓದಿದವರು ಮನನ ಮಾಡಲು ಮೂರು ಪ್ರಶ್ನೆಗಳನ್ನು ಕೊಟ್ಟಿದ್ದೇವೆ. ಒಂದು: ಉಪಗ್ರಹದ ಚಿತ್ರದಲ್ಲಿ ಕಾಡು ಕೆಂಪಾಗಿ ತೋರುವುದೇಕೆ? ಎರಡು: ಉಪಗ್ರಹ ದಿನವೂ ಒಂದೇ ಹೊತ್ತಿಗೆ ಹಾಯಬೇಕೇಕೆ? ಮೂರು: ನಿಮ್ಮ ಊರಿನ ನೆಲ ಯಾವ ಕಲ್ಲಿನದು, ಅದರಲ್ಲಿ ನೀರು ನಿಲ್ಲುವುದು ಎಲ್ಲಿ? ಮೊದಲಿನ ಎರಡಕ್ಕೆ ಉತ್ತರ ಈ ಪುಟಗಳಲ್ಲಿದೆ. ಮೂರನೆಯದಕ್ಕೆ ಊರಿನ ಹಿರಿಯರನ್ನೂ ನಕ್ಷೆಯನ್ನೂ ಕೂಡಿಯೇ ಕೇಳಬೇಕು.